ಫಿಜಿಯ ಚಿನ್ನದ ಪಕ್ಕ ನಮ್ಮ ಬೆಳ್ಳಿ: ದೇವೇಂದ್ರ ಝಾಝರಿಯಾ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ದೇವೇಂದ್ರ ಝಾಝರಿಯಾ ಅವರಿಗೆ,
ಅಧ್ಯಕ್ಷರು, ಭಾರತೀಯ ಪ್ಯಾರಾಲಿಂಪಿಕ್ ಸಮಿತಿ

ನಮಸ್ಕಾರ.

ನೀವು ರಾಜಸ್ಥಾನದ ಚುರು ಜಿಲ್ಲೆಯವರು. ನಿಮಗೆ ಕನ್ನಡ ಬರಲಿಕ್ಕಿಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಮನಸ್ಸು ಬಿಚ್ಚಿ ಮಾತಾಡಲು ಬರುವುದು ಇದೊಂದರಲ್ಲೇ. ಜೊತೆಗೆ, ನಾನು ಕೇಳಲಿರುವುದು ಪುಟ್ಟ ದೇಶಗಳ ಅಂಗವಿಕಲ ಆಟಗಾರರನ್ನು ನಮ್ಮ ಕೂಟಕ್ಕೆ ಕರೆಸುವ ಕೆಲಸ. ಅದು ಆಗಬೇಕಾದರೆ ಬೆಂಗಳೂರು ಬೇಕು, ಇಲ್ಲಿನ ಜನ ಬೇಕು. ಅವರೂ ಓದಲಿ ಅಂತ. ನಿಮಗೆ ಯಾರಾದರೂ ಹಿಂದಿಯಲ್ಲಿ ಹೇಳಿಯೇ ಹೇಳುತ್ತಾರೆ.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ 28 ವರ್ಷ ಪಿಟಿ ಮೇಷ್ಟ್ರಾಗಿದ್ದವನು. ಸೀಟಿ, ಟೇಪು, ಸುಣ್ಣದ ಡಬ್ಬ, ಗಾಳಿ ಹೋದ ಎರಡು ವಾಲಿಬಾಲು. ಅಷ್ಟೇ ನಮ್ಮ ಆಸ್ತಿ. ಈಗ ನಿವೃತ್ತಿಯಾಗಿದೆ. ದೊಡ್ಡ ದೊಡ್ಡ ವಿಷಯಕ್ಕೆ ಮೂಗು ತೂರಿಸಲು ಪುರುಸೊತ್ತು ಸಿಕ್ಕಿದೆ.

2012ರ ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ ಶಾಲೆಗೆ ಹೋಗುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪೇಪರ್ ಓದಿದೆ. ನಮ್ಮ ಜಿಲ್ಲೆಯ ಹುಡುಗ ಎಚ್.ಎನ್. ಗಿರೀಶ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಅಂದರೆ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ, ಎತ್ತರ ಜಿಗಿತದ ಬೆಳ್ಳಿ ಗೆದ್ದಿದ್ದ. 1.74 ಮೀಟರ್. ಕಾಫಿ ಆರಿ ಹೋಯಿತು. ಇಡೀ ಶಾಲೆಗೆ ಹೇಳಿ, ಹುಡುಗರ ಕೈಯಲ್ಲಿ ಚಪ್ಪಾಳೆ ತಟ್ಟಿಸಿ, ಮಧ್ಯಾಹ್ನ ಗೋಡೆಯ ಮೇಲೆ 1.74 ಮೀಟರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹುಡುಗರು ಒಬ್ಬೊಬ್ಬರಾಗಿ ಬಂದು ಆ ಗೆರೆಯ ಕೆಳಗೆ ನಿಂತು ನೋಡಿದರು. ಒಂಬತ್ತನೇ ಕ್ಲಾಸಿನ ಎತ್ತರದ ಹುಡುಗನ ತಲೆಗಿಂತಲೂ ಮೇಲಿತ್ತು ಅದು.

ಆಗ ಒಬ್ಬ ಹುಡುಗಿ ಕೇಳಿದಳು, "ಸಾರ್, ಹಂಗಾದ್ರೆ ಚಿನ್ನ ಯಾರಿಗೆ?"

ನಾನು ಪೇಪರಿನಲ್ಲಿ ಅದನ್ನು ಓದಿಯೇ ಇರಲಿಲ್ಲ. ಸುಮ್ನೆ "ಯಾವುದೋ ಫಾರಿನ್‌ನವನು" ಅಂದುಬಿಟ್ಟೆ. ಪಿಟಿ ಮೇಷ್ಟ್ರು ಕೊಡಬಾರದ ಉತ್ತರ ಅದು. ಈ ಪತ್ರ ಶುರುವಾದದ್ದು ಅಲ್ಲಿಂದ ಅಂದುಕೊಳ್ಳಿ.

ಚಿನ್ನ ಗೆದ್ದವರು ಇಲಿಯೇಸಾ ದೆಲಾನ. ದೇಶ ಫಿಜಿ. ಶಾಂತಸಾಗರದ ಮಧ್ಯೆ ಮುನ್ನೂರಕ್ಕೂ ಹೆಚ್ಚು ದ್ವೀಪಗಳಿರುವ, ಒಟ್ಟು ಸುಮಾರು 9 ಲಕ್ಷ ಜನ ಇರುವ ದೇಶ. ನಮ್ಮ ಹಾಸನ ಜಿಲ್ಲೆಯಲ್ಲೇ ಅದರ ಎರಡು ಪಟ್ಟು ಜನ ಇದ್ದೇವೆ. ಅವರು ಹಾರಿದ್ದೂ 1.74, ನಮ್ಮ ಗಿರೀಶ ಹಾರಿದ್ದೂ 1.74, ಕಂಚು ಗೆದ್ದ ಪೋಲೆಂಡಿನವರು ಹಾರಿದ್ದೂ 1.74. ಮೂವರದೂ ಒಂದೇ ಎತ್ತರ. ಹಾಗಾದಾಗ ಯಾರು ಕಡಿಮೆ ಸಲ ಅಡ್ಡಕೋಲು ಬೀಳಿಸಿದ್ದಾರೆ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಫಿಜಿಗೆ ಚಿನ್ನ, ನಮಗೆ ಬೆಳ್ಳಿ.

ಮುಂದೊಂದು ದಿನ ಯೂಟ್ಯೂಬಿನಲ್ಲಿ ದೆಲಾನ ಜಿಗಿಯುವುದನ್ನು ನೋಡಿದೆ. ಅವರಿಗೆ ಎಡಗಾಲು ಇಲ್ಲ. ಕೃತಕ ಕಾಲೂ ಹಾಕಿಕೊಂಡಿರಲಿಲ್ಲ. ನಮ್ಮ ಹುಡುಗಿಯರು ಕುಂಟೆಬಿಲ್ಲೆ ಆಡುವ ಹಾಗೆ ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ, ಕುಪ್ಪಳಿಸುತ್ತಾ ವೇಗ ಏರಿಸಿಕೊಂಡು ಬಂದು, ಅದೇ ಕಾಲಿನಿಂದ ಚಿಮ್ಮಿ ಆಚೆ ಬೀಳುತ್ತಾರೆ. ಓಟದ ವೇಗವನ್ನು ಎತ್ತರಕ್ಕೆ ತಿರುಗಿಸುವುದು ಎರಡು ಕಾಲಿದ್ದವರಿಗೇ ಕಷ್ಟ. 28 ವರ್ಷ ಹುಡುಗರಿಗೆ ಇದನ್ನೇ ಕಲಿಸಲು ಒದ್ದಾಡಿದವನಿಗೆ ಅದರ ಬೆಲೆ ಗೊತ್ತು. ಆ ವಿಡಿಯೊ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಫಿಜಿ ಅಂದರೆ ಎಲ್ಲರಿಗೂ ರಗ್ಬಿ ನೆನಪಾಗುತ್ತದೆ. ಆದರೆ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಎರಡೂ ಸೇರಿಸಿ ನೋಡಿದರೂ ಆ ದೇಶದ ಮೊದಲ ಪದಕ ಈ ಎತ್ತರ ಜಿಗಿತದ್ದು. ರಗ್ಬಿ ತಂಡದ ಚಿನ್ನ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ, 2016ರ ರಿಯೊದಲ್ಲಿ. ಫಿಜಿ ದೆಲಾನ ಅವರ ಹೆಸರಿನಲ್ಲಿ 50 ಸೆಂಟಿನ ನಾಣ್ಯ ತಂದಿತು. ರಗ್ಬಿ ತಂಡಕ್ಕೆ 7 ಡಾಲರಿನ ನೋಟು ತಂದಿತು. ಅಲ್ಲೂ ನಮ್ಮ ಹಾಗೇ, ತಂಡದ ಆಟಕ್ಕೆ ತೂಕ ಜಾಸ್ತಿ. ಇರಲಿ, ನಾಣ್ಯವಾದರೂ ಬಂತಲ್ಲ. 2014ರಲ್ಲಿ ದೆಲಾನ ಸಂಸತ್ತಿಗೆ ಆಯ್ಕೆಯಾದರು, ಯುವಜನ ಮತ್ತು ಕ್ರೀಡಾ ಖಾತೆಯ ಸಹಾಯಕ ಸಚಿವರೂ ಆದರು.

ಇನ್ನೊಂದು ಲೆಕ್ಕ. ಲಂಡನ್‌ಗೆ ನಾವು ಕಳಿಸಿದ್ದು 10 ಜನರನ್ನು. ಸಿಕ್ಕಿದ ಪದಕ ಒಂದು, ಗಿರೀಶನ ಬೆಳ್ಳಿ. ಚಿನ್ನ ಗೆದ್ದ ದೇಶ ಪಟ್ಟಿಯಲ್ಲಿ ಮೇಲೆ ಬರುತ್ತದೆ. ಹಾಗಾಗಿ ಆ ವರ್ಷದ ಪದಕ ಪಟ್ಟಿಯಲ್ಲಿ 120 ಕೋಟಿ ಜನರ ಭಾರತಕ್ಕಿಂತ 9 ಲಕ್ಷ ಜನರ ಫಿಜಿ ಮೇಲಿತ್ತು. ಈ ಆಟದಲ್ಲಿ ನಾವೂ ಒಂದು ಪುಟ್ಟ ದೇಶವೇ ಆಗಿದ್ದೆವು. ಹನ್ನೆರಡು ವರ್ಷದ ಮೇಲೆ, 2024ರ ಪ್ಯಾರಿಸ್‌ನಲ್ಲಿ, 84 ಜನ ಹೋಗಿ 29 ಪದಕ ತಂದರು. ನಡುವೆ ಏನಾಯಿತು? ದೇಶದ ಮಕ್ಕಳು ಇದ್ದಕ್ಕಿದ್ದಂತೆ ಗಟ್ಟಿಯಾಗಿಬಿಟ್ಟರಾ? ಇಲ್ಲ. ದುಡ್ಡು ಬಂತು, ತರಬೇತಿ ಬಂತು, ವಿದೇಶದ ಕೂಟಗಳಿಗೆ ಟಿಕೆಟ್ ಬಂತು. ಮೊದಲಿನ ಅವ್ಯವಸ್ಥೆ ನಿಮಗೇ ಗೊತ್ತು. 2015ರಲ್ಲಿ ಘಾಜಿಯಾಬಾದಿನ ರಾಷ್ಟ್ರೀಯ ಕೂಟದಲ್ಲಿ ಆಟಗಾರರನ್ನು ಕಟ್ಟಿ ಮುಗಿಯದ ಕಟ್ಟಡದಲ್ಲಿ ಇಳಿಸಿದ್ದು, ಅದರ ಬೆನ್ನಲ್ಲೇ ಅಂತರರಾಷ್ಟ್ರೀಯ ಸಮಿತಿ ನಿಮ್ಮ ಸಂಸ್ಥೆಯನ್ನು ಅಮಾನತು ಮಾಡಿದ್ದು ಯಾರೂ ಮರೆತಿಲ್ಲ. ಆಗ ನೀವು ಅಧ್ಯಕ್ಷರಾಗಿರಲಿಲ್ಲ, ಆಟಗಾರರಾಗಿದ್ದಿರಿ.

ನಿಮಗೇ ಬರೆಯಲು ಕಾರಣ ಆ ಕುರ್ಚಿ ಒಂದೇ ಅಲ್ಲ. 2021ರ ಆಗಸ್ಟ್ 30ರಂದು ಟೋಕಿಯೊದಲ್ಲಿ ನೀವು ಭರ್ಚಿಯನ್ನು 64.35 ಮೀಟರ್ ಎಸೆದಿರಿ. ಸುಂದರ್ ಸಿಂಗ್ ಗುರ್ಜರ್ 64.01. ಬೇರೆ ಯಾವ ದಿನವಾದರೂ ಮೊದಲೆರಡು ಸ್ಥಾನ ಭಾರತದ್ದೇ ಆಗಿರುತ್ತಿತ್ತೇನೋ. ಆದರೆ ಅವತ್ತು ಶ್ರೀಲಂಕಾದ ಸೈನಿಕ ದಿನೇಶ್ ಪ್ರಿಯಂತ ಹೆರಾತ್ 67.79 ಮೀಟರ್ ಎಸೆದುಬಿಟ್ಟರು. ವಿಶ್ವದಾಖಲೆ. ಶ್ರೀಲಂಕಾಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ. ಶ್ರೀಲಂಕಾ ಫಿಜಿಯಷ್ಟು ಚಿಕ್ಕದಲ್ಲ, ಸರಿ. ಆದರೆ ಈ ಆಟದ ಲೆಕ್ಕದಲ್ಲಿ ಅದೂ ಸಣ್ಣ ಮನೆಯೇ.

ಪುಟ್ಟ ದೇಶದವನ ಪಕ್ಕದ ಮೆಟ್ಟಿಲಲ್ಲಿ ಗಿರೀಶನೂ ನಿಂತಿದ್ದ, ನೀವೂ ನಿಂತಿದ್ದಿರಿ. ಹಾಗಾಗಿ ನಿಮಗೆ ಜಾಸ್ತಿ ವಿವರಿಸಬೇಕಾಗಿಲ್ಲ ಅಂದುಕೊಂಡಿದ್ದೇನೆ. ಕನ್ನಡದ ಓದುಗರಿಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಪ್ಯಾರಾ ಆಟದಲ್ಲಿ ಮೈದಾನಕ್ಕೆ ಇಳಿಯುವ ಮೊದಲೇ ಒಂದು ಪರೀಕ್ಷೆ ಇದೆ. ಅದನ್ನು ಕ್ಲಾಸಿಫಿಕೇಶನ್ ಅನ್ನುತ್ತಾರೆ. ಯಾರಿಗೆ ಯಾವ ತೊಂದರೆ ಇದೆ, ಅದು ಆಟಕ್ಕೆ ಎಷ್ಟು ಅಡ್ಡ ಬರುತ್ತದೆ ಎಂದು ನೋಡಿ ಒಂದು ವಿಭಾಗಕ್ಕೆ ಸೇರಿಸುತ್ತಾರೆ. ಓಟ ಮತ್ತು ಜಿಗಿತಕ್ಕೆ ಟಿ, ಎಸೆತಕ್ಕೆ ಎಫ್ ಅಕ್ಷರ. ಪಕ್ಕದಲ್ಲಿ ಒಂದು ಸಂಖ್ಯೆ. 11ರಿಂದ 13 ಕಣ್ಣಿನ ತೊಂದರೆಯವರಿಗೆ, 20 ಬುದ್ಧಿಶಕ್ತಿಯ ತೊಂದರೆ ಇರುವವರಿಗೆ, 40 ಮತ್ತು 41 ಕುಳ್ಳಗಿನವರಿಗೆ, 51ರಿಂದ 57 ಕುಳಿತು ಆಡುವವರಿಗೆ, ಹೀಗೆ. ತಜ್ಞರು ಮೈ ಮುಟ್ಟಿ, ಅಳೆದು, ಬಗ್ಗಿಸಿ ನೋಡುತ್ತಾರೆ. ಆಡಿಸಿ ನೋಡುತ್ತಾರೆ. ಕೆಲವರನ್ನು ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ಬೇರೆ ವಿಭಾಗಕ್ಕೆ ಹಾಕಬಹುದು. ನೀನು ಈ ಆಟಕ್ಕೆ ಬರುವುದಿಲ್ಲ ಅಂತಲೂ ಹೇಳಬಹುದು. ಟೋಕಿಯೊದಲ್ಲಿ ನಮ್ಮ ವಿನೋದ್ ಕುಮಾರ್ ಚಕ್ರ ಎಸೆತದಲ್ಲಿ ಕಂಚು ಗೆದ್ದು, ಮರುದಿನ ಅದನ್ನು ಕಳೆದುಕೊಂಡದ್ದು ಈ ಪರೀಕ್ಷೆಯಿಂದಲೇ.

ನನ್ನ ಶಾಲೆಯಲ್ಲೂ ಒಬ್ಬ ಹುಡುಗನಿದ್ದ. ಹುಟ್ಟಿನಿಂದ ಎಡಗೈಯಲ್ಲಿ ಬಲ ಕಮ್ಮಿ. ಗುಂಡು ಎಸೆತದಲ್ಲಿ ಎರಡು ಕೈ ಸರಿಯಿದ್ದ ಹುಡುಗರನ್ನೇ ಹಿಂದೆ ಹಾಕುತ್ತಿದ್ದ. ಸರ್ಟಿಫಿಕೇಟಿನಲ್ಲಿ 45 ಪರ್ಸೆಂಟ್ ಅಂತ ಬರೆದಿತ್ತು, ಬಸ್ ಪಾಸ್ ಇತ್ತು. ಇನ್ನೇನು ಬೇಕು ಅಂತ ಬೇರೆ ರಾಜ್ಯದ ಒಂದು ಕೂಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಬಸ್ ಪಾಸಿನ ಅಳತೆ ಬೇರೆ, ಆಟದ ಅಳತೆ ಬೇರೆ. ಇವನ ತೊಂದರೆ ನಿಯಮದಲ್ಲಿ ಹೇಳಿದ ಕನಿಷ್ಠಕ್ಕೆ ಮುಟ್ಟುವುದಿಲ್ಲ ಅಂದರು. ಅವರದು ತಪ್ಪು ಅನ್ನಲಾರೆ. ಮೊದಲೇ ತಿಳಿದುಕೊಳ್ಳದೇ ಹೋದದ್ದು ನನ್ನ ತಪ್ಪು. ವಾಪಸ್ ಬರುವಾಗ ರೈಲಿನಲ್ಲಿ ಹುಡುಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಅರಸೀಕೆರೆ ಬಂದಾಗ ಮಾತ್ರ ಬಾಯಿ ಬಿಟ್ಟ. "ಸಾರ್, ನನ್ನ ಕೈ ಅಷ್ಟೊಂದು ಕೆಟ್ಟಿಲ್ವಂತಾ?" ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮಗೆ ಹೋದದ್ದು ರೈಲು ಚಾರ್ಜು, ಮೂರು ದಿನ. ಈಗ ಕಿರಿಬಾಟಿಯ ಒಬ್ಬ ಮೇಷ್ಟ್ರನ್ನು ನೆನೆಸಿಕೊಳ್ಳಿ. ಸಾಗರದ ನಡುವೆ ಸಮುದ್ರಮಟ್ಟಕ್ಕಿಂತ ಒಂದೆರಡು ಆಳೆತ್ತರ ಮೇಲಿರುವ ಹವಳದ ದ್ವೀಪಗಳ ದೇಶ ಅದು. ಅಲ್ಲಿ ಕ್ಲಾಸಿಫಿಕೇಶನ್ ಮಾಡುವ ಅಂತರರಾಷ್ಟ್ರೀಯ ಕೂಟ ನಡೆಯುವುದಿಲ್ಲ. ನಡೆಯುವ ಜಾಗಕ್ಕೆ ಎರಡು ಮೂರು ವಿಮಾನ ಬದಲಾಯಿಸಿ ಹೋಗಬೇಕು. ಹೋದ ಮೇಲೆ "ಇಲ್ಲ" ಅಂದರೆ, ಆ ದೇಶದ ಇಡೀ ವರ್ಷದ ದುಡ್ಡು ಸಮುದ್ರಕ್ಕೆ ಹಾಕಿದ ಹಾಗೆ. "ಹೌದು" ಅಂದರೂ ಅಲ್ಲಿಗೆ ಮುಗಿಯಲಿಲ್ಲ. ಮಾನ್ಯತೆ ಇರುವ ಕೂಟದಲ್ಲಿ ಇಂತಿಷ್ಟು ದೂರ ಎಸೆದು ದಾಖಲಿಸಬೇಕು. ಅಂದರೆ ಇನ್ನೊಮ್ಮೆ ವಿಮಾನ.

ಟೋಕಿಯೊಗೇ ಕಿರಿಬಾಟಿ ಮೊದಲ ಸಲ ಬರಬೇಕಿತ್ತು. ಕೊರೊನಾ ಕಾಲದ ಪ್ರಯಾಣದ ಕಟ್ಟುಪಾಡು, ದಾರಿಯಲ್ಲಿ ಕ್ವಾರಂಟೈನ್, ಇವುಗಳಿಂದಾಗಿ ಕಿರಿಬಾಟಿ, ಸಮೋವಾ, ಟೊಂಗಾ, ವನುವಾಟು ನಾಲ್ಕೂ ದೇಶ ಬರಲೇ ಇಲ್ಲ. ಕಿರಿಬಾಟಿಯ ಧ್ವಜ ಕೊನೆಗೂ ಬಂದದ್ದು ಪ್ಯಾರಿಸ್‌ಗೆ. ವನುವಾಟು ಕೂಡ ಸುಮ್ನೆ ಹೆಸರಿಗೆ ಬರುವ ದೇಶವಲ್ಲ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಫ್ರಿಯಾನಾ ಕ್ವೆವಿರಾ ಎಂಬ ಹುಡುಗಿ ಎಫ್46, ಅಂದರೆ ಕೈಯ ತೊಂದರೆ ಇರುವವರ, ಭರ್ಚಿ ಎಸೆತದಲ್ಲಿ ಕಂಚು ಗೆದ್ದಳು. ಕಾಮನ್‌ವೆಲ್ತ್ ಕೂಟದಲ್ಲಿ ಆ ದೇಶಕ್ಕೆ ಬಂದ ಮೊಟ್ಟಮೊದಲ ಪದಕವೇ ಅದು. ಎಫ್46, ನಿಮ್ಮದೇ ವಿಭಾಗ. ನೇಪಾಳದ್ದೂ ಅದೇ ಕಥೆ. ಪ್ಯಾರಿಸ್‌ನಲ್ಲಿ ಪಲೇಶಾ ಗೋವರ್ಧನ್ ಟೇಕ್ವಾಂಡೊದಲ್ಲಿ ಕಂಚು ಗೆಲ್ಲುವವರೆಗೆ ಆ ದೇಶದ ಪ್ಯಾರಾಲಿಂಪಿಕ್ ಪದಕದ ಮನೆ ಖಾಲಿಯಿತ್ತು. ಇಂಥ ದೇಶಗಳಲ್ಲಿ ಬಾಗಿಲು ಮೊದಲು ತೆಗೆದವರು ಅಂಗವಿಕಲ ಆಟಗಾರರೇ ಅನ್ನುವುದು ನನಗೆ ಬಲು ಇಷ್ಟದ ಸಂಗತಿ.

ಕುರುಡ ಓಟಗಾರರ ವಿಷಯಕ್ಕೆ ಬಂದರೆ ಖರ್ಚು ಎರಡರಷ್ಟು. ಟಿ11 ವಿಭಾಗದಲ್ಲಿ ಓಡುವವರ ಜೊತೆ ಗೈಡ್ ಇರಬೇಕು. ಇಬ್ಬರ ಕೈಗೂ ಸೇರಿಸಿ ಒಂದು ಚಿಕ್ಕ ಹಗ್ಗ. ನಮ್ಮ ಚಿಕ್ಕಮಗಳೂರಿನ ರಕ್ಷಿತಾ ರಾಜು ಓಡುವುದನ್ನು ನೋಡಿದವರಿಗೆ ಗೊತ್ತು, ಗೈಡ್ ಅಂದರೆ ಬರೀ ಪಕ್ಕದಲ್ಲಿ ಓಡುವವರಲ್ಲ. ಅದೇ ಹೆಜ್ಜೆ, ಅದೇ ಉಸಿರು. ಹಾಗಾಗಿ ವರ್ಷಗಟ್ಟಲೆ ಜೊತೆಗೆ ಅಭ್ಯಾಸ ಮಾಡಬೇಕು. ಟಿಕೆಟ್ಟೂ ಎರಡು. ಟೋಕಿಯೊದಲ್ಲಿ ಕೇಪ್ ವರ್ಡೆ ದೇಶದ ಕೆಯುಲಾ ಸೆಮೆಡೊ 200 ಮೀಟರ್ ಓಡಿ ಮುಗಿಸಿದಾಗ ಅವರ ಗೈಡ್ ಟ್ರ್ಯಾಕಿನ ಮೇಲೇ ಮಂಡಿಯೂರಿ ಉಂಗುರ ಹಿಡಿದರು. ಲೋಕಕ್ಕೆಲ್ಲಾ ಆ ವಿಡಿಯೊ ಹೋಯಿತು. ನನ್ನ ವಾಟ್ಸಾಪಿಗೇ ಏಳು ಜನ ಕಳಿಸಿದರು. ಆಕೆ ಎಲ್ಲಿಂದ ಬಂದವಳು, ಅಭ್ಯಾಸ ಎಲ್ಲಿ, ಇಬ್ಬರ ಟಿಕೆಟಿನ ದುಡ್ಡು ಎಲ್ಲಿಂದ ಬಂತು ಎಂದು ಏಳರಲ್ಲಿ ಒಬ್ಬರೂ ಕೇಳಲಿಲ್ಲ. ಉಂಗುರ ಚೆನ್ನಾಗಿತ್ತು, ಅದಕ್ಕೆ ನನ್ನ ತಕರಾರಿಲ್ಲ.

ಈಗ ನನ್ನ ಬೇಡಿಕೆ.

2025ರ ಜುಲೈನಲ್ಲಿ ಇಂಡಿಯನ್ ಓಪನ್ ಪ್ಯಾರಾ ಅಥ್ಲೆಟಿಕ್ಸ್ ಕೂಟ ನಡೆದದ್ದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಯಿತು. ನೂರಕ್ಕೂ ಹೆಚ್ಚು ದೇಶ ಬಂದವು, ನಮಗೆ 22 ಪದಕ ಬಂತು. ಇಬ್ಬರು ವಿದೇಶಿ ಕೋಚ್‌ಗಳಿಗೆ ಕ್ರೀಡಾಂಗಣದಲ್ಲೇ ಬೀದಿನಾಯಿ ಕಚ್ಚಿದ್ದೂ ಆಯಿತು. ಅದು ಬಿಡಿ. ಇಂಥ ಕೂಟ ನಡೆಸುವ ತಾಕತ್ತು ನಮಗೆ ಬಂದಿದೆ, ಅದು ಮುಖ್ಯ. ಕೂಟ ನಡೆಸುವ ದೇಶದಲ್ಲಿ ಆ ಕ್ಲಾಸಿಫಿಕೇಶನ್ ತಜ್ಞರೂ ಇರುತ್ತಾರೆ, ಅಳೆಯುವ ಟೇಪೂ ಇರುತ್ತದೆ, ಮಾನ್ಯತೆಯ ಮೊಹರೂ ಇರುತ್ತದೆ. ಪುಟ್ಟ ದೇಶಕ್ಕೆ ಬೇಕಾದ ಮೂರೂ ಒಂದೇ ಜಾಗದಲ್ಲಿ.

ಪ್ರತಿ ವರ್ಷದ ಇಂಡಿಯನ್ ಓಪನ್‌ಗೆ ಹತ್ತು ಪುಟ್ಟ ದೇಶಗಳನ್ನು ನಮ್ಮ ಖರ್ಚಿನಲ್ಲಿ ಕರೆಯಿರಿ. ಭೂತಾನ್, ಮಾಲ್ಡೀವ್ಸ್, ನೇಪಾಳ ಪಕ್ಕದ ಮನೆಯವು. ಭೂತಾನ್, ಮಾಲ್ಡೀವ್ಸ್ ಎರಡೂ ಟೋಕಿಯೊದಲ್ಲೇ ಮೊದಲ ಸಲ ಪ್ಯಾರಾಲಿಂಪಿಕ್ಸ್ ಕಂಡವು. ಆಮೇಲೆ ಫಿಜಿ, ಕಿರಿಬಾಟಿ, ವನುವಾಟು. ದೇಶಕ್ಕೆ ಇಬ್ಬರು ಆಟಗಾರರು, ಒಬ್ಬ ಕೋಚ್ ಅಥವಾ ಗೈಡ್. ಹತ್ತು ದೇಶಕ್ಕೆ ಮೂವತ್ತು ಜನ. ಕ್ಲಾಸಿಫಿಕೇಶನ್ ಪಟ್ಟಿಯಲ್ಲಿ ಅವರಿಗೆ ಮೊದಲ ಎರಡು ದಿನ ಮೀಸಲಿಡಿ. ಬರುವ ಮೊದಲೇ ವೈದ್ಯಕೀಯ ಕಾಗದ ತರಿಸಿ ನೋಡಿ, ಕನಿಷ್ಠ ಮಟ್ಟ ಮುಟ್ಟುವ ಲಕ್ಷಣ ಇದೆಯೋ ಇಲ್ಲವೋ ಎಂದು ನಮ್ಮ ತಜ್ಞರಿಂದ ಒಂದು ಮಾತು ಹೇಳಿಸಿ. ಅದು ತೀರ್ಪಲ್ಲ, ಬರೀ ಸಲಹೆ. ಅರಸೀಕೆರೆಯ ರೈಲಿನಲ್ಲಿ ನನ್ನ ಹುಡುಗ ಕೇಳಿದ ಪ್ರಶ್ನೆಯನ್ನು ಯಾರೂ ವಿಮಾನದಲ್ಲಿ ಕೂತು ಕೇಳಿಕೊಳ್ಳಬಾರದು, ಅಷ್ಟೇ.

ಕೂಟಕ್ಕೆ ಎರಡು ವಾರ ಮೊದಲೇ ಬರಲಿ, ನಮ್ಮವರ ಜೊತೆ ಅಭ್ಯಾಸ ಮಾಡಲಿ. ಗಿರೀಶನಂಥ ಎತ್ತರ ಜಿಗಿತಗಾರರು ಇಲ್ಲೇ ಇದ್ದಾರೆ. ಫಿಜಿಯ ಒಬ್ಬ ಹೊಸ ಹುಡುಗನಿಗೆ ಅವರು ನಾಲ್ಕು ದಿನ ಹೇಳಿಕೊಟ್ಟರೆ ನೋಡಲು ಚೆನ್ನಾಗಿರುತ್ತದೆ ಅಲ್ವಾ?

ನನಗೆ ಬರುವ ಬೈಗುಳ ಗೊತ್ತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಅನ್ನುತ್ತಾರೆ. ರಾಯಚೂರಿನ ಮಗುವಿಗೆ ಒಂದು ಸರಿಯಾದ ವೀಲ್‌ಚೇರ್ ಇಲ್ಲ, ನೀನು ಕಿರಿಬಾಟಿಗೆ ಟಿಕೆಟ್ ಕೇಳುತ್ತೀಯಾ? ನಿಜ. ನಮ್ಮ ತಾಲ್ಲೂಕು ಕ್ರೀಡಾಂಗಣಗಳಿಗೆ ಹೋಗಿ ನೋಡಿದರೆ ಮೆಟ್ಟಿಲಿದೆ, ರ‍್ಯಾಂಪಿಲ್ಲ. ಇದ್ದರೂ ಅದರ ಕೊನೆಯಲ್ಲಿ ಯಾರೋ ಬೈಕ್ ನಿಲ್ಲಿಸಿರುತ್ತಾರೆ. ಹೆಸರಂತೂ ಬದಲಾಗುತ್ತಲೇ ಇದೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಬೋರ್ಡಿನ ಪೇಂಟರಿಗೆ ಕೆಲಸ ಸಿಕ್ಕಿತು.

ಆದರೆ ಈ ಎರಡರಲ್ಲಿ ಒಂದು ಅನ್ನುವ ಹಾಗಿಲ್ಲ ಇಲ್ಲಿ. ಕ್ಲಾಸಿಫಿಕೇಶನ್ ತಂಡ ಬೆಂಗಳೂರಿಗೆ ಬಂದು ನಾಲ್ಕು ದಿನ ಜಾಸ್ತಿ ಕೂತರೆ ಅದರ ಲಾಭ ರಾಯಚೂರು, ಬೀದರ್, ಚಾಮರಾಜನಗರದ ಮಕ್ಕಳಿಗೂ ಸಿಗುತ್ತದೆ. ತಂಡ ಒಂದೇ, ರೂಮು ಒಂದೇ, ಮುಂದೆ ಇನ್ನೂ ಹತ್ತು ಕುರ್ಚಿ ಹಾಕಬೇಕು ಅಷ್ಟೇ.

ಇನ್ನೊಂದು ಕಾರಣ ಇದೆ. ಇದು ನಮ್ಮದೇ ಸ್ವಾರ್ಥದ್ದು, ಮುಚ್ಚುಮರೆ ಇಲ್ಲ. ನೀವು 2004ರ ಅಥೆನ್ಸ್‌ನಲ್ಲಿ 62.15 ಮೀಟರ್ ಎಸೆದು ಚಿನ್ನ ಗೆದ್ದಿರಿ. ಮುಂದಿನ ಚಿನ್ನ 2016ರ ರಿಯೊದಲ್ಲಿ. ನಡುವೆ ಹನ್ನೆರಡು ವರ್ಷ. ನಿಮ್ಮ ಕೈ ಸೋತಿತ್ತೇ? ಇಲ್ಲ. 2008ರಲ್ಲೂ 2012ರಲ್ಲೂ ನಿಮ್ಮ ವಿಭಾಗದ ಭರ್ಚಿ ಎಸೆತವೇ ಕೂಟದಲ್ಲಿ ಇರಲಿಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಯಾವ ವಿಭಾಗ ಇಡಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಸಲ ಕೂತು ತೂಗುತ್ತಾರೆ. ಎಷ್ಟು ಆಟಗಾರರು, ಎಷ್ಟು ದೇಶದವರು ಆಡುತ್ತಿದ್ದಾರೆ ಎನ್ನುವುದೂ ಆ ತಕ್ಕಡಿಯಲ್ಲಿ ಇರುತ್ತದೆ. ಆರೇಳು ದೇಶ ಮಾತ್ರ ಆಡುವ ವಿಭಾಗ ಇವತ್ತಲ್ಲ ನಾಳೆ ಹೋಗುತ್ತದೆ. ಹೋದಾಗ ದೊಡ್ಡ ದೇಶ ಇನ್ನೊಂದು ವಿಭಾಗದಲ್ಲಿ ಪದಕ ಹುಡುಕಿಕೊಳ್ಳುತ್ತದೆ. ಒಬ್ಬನೇ ಆಟಗಾರ ಇರುವ ದೇಶಕ್ಕೆ ಅವತ್ತೇ ಆಟ ಮುಗಿಯಿತು. ಹಾಗಾಗಿ ವನುವಾಟುವಿನ ಒಬ್ಬ ಭರ್ಚಿ ಎಸೆಯುವ ಹುಡುಗಿ ಪಟ್ಟಿಯಲ್ಲಿ ಉಳಿದರೆ ನಮ್ಮ ಹುಡುಗಿಯರ ವಿಭಾಗವೂ ಉಳಿಯುವ ಆಸೆ ಇದೆ. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ದುಡ್ಡಿನ ಮಾತಿಗೂ ಒಂದು ದಾರಿ ಆಗಲೇ ತೆರೆದಿದೆ. 2023ರ ಮೇ ತಿಂಗಳಲ್ಲಿ ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಲ್ಲಿ ಶಾಂತಸಾಗರದ ದ್ವೀಪದೇಶಗಳ ನಾಯಕರ ಮುಂದೆ ನಮ್ಮ ಪ್ರಧಾನಿ ಒಂದು ಮಾತು ಕೊಟ್ಟಿದ್ದರು. 2024ರಿಂದ ಆ ದ್ವೀಪಗಳಲ್ಲಿ ವರ್ಷಕ್ಕೆ ಎರಡು ಜೈಪುರ ಕಾಲು ಶಿಬಿರ, ಅಂದರೆ ಕೃತಕ ಕಾಲು ಜೋಡಿಸುವ ಶಿಬಿರ, ಮಾಡುತ್ತೇವೆ ಅಂತ. ಫಿಜಿಯಲ್ಲಿ ಅದಕ್ಕೂ ಮೊದಲೇ ಶಿಬಿರ ಆಗಿತ್ತು. ನಿಮ್ಮ ರಾಜಸ್ಥಾನದಲ್ಲಿ ಹುಟ್ಟಿದ ಕಾಲು ಅಲ್ಲಿನ ಮರಳಿನಲ್ಲಿ ನಡೆಯುತ್ತಿದೆ. ಆ ಶಿಬಿರಕ್ಕೆ ನೂರಾರು ಜನ ಬರುತ್ತಾರಲ್ಲ, ಅದರಲ್ಲಿ ಹದಿನೈದು ಹದಿನಾರು ವರ್ಷದ ಮಕ್ಕಳೂ ಇರುತ್ತಾರೆ. ಕಾಲು ಅಳೆಯುವವರ ಪಕ್ಕದಲ್ಲಿ ಒಬ್ಬ ಪ್ಯಾರಾ ಕೋಚ್ ಕೂರಿಸಿ. ಕೈಗೊಂದು ಗುಂಡು ಕೊಟ್ಟು, ಎಸಿ ನೋಡೋಣ ಅನ್ನಲಿ. ಒಬ್ಬ ಕೋಚ್‌ನ ಟಿಕೆಟ್ ಅಷ್ಟೇ ಹೆಚ್ಚಿನ ಖರ್ಚು. ವಿದೇಶಾಂಗ ಇಲಾಖೆಗೆ ನೀವು ಒಂದು ಕಾಗದ ಬರೆದರೆ ಆಗುವ ಕೆಲಸ ಇದು.

ಫಿಜಿಗೂ ನಮಗೂ ಹಳೆಯ ನಂಟಿದೆ. 1879ರಿಂದ 1916ರವರೆಗೆ ಸುಮಾರು 60 ಸಾವಿರ ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆ ಅಲ್ಲಿಗೆ ಸಾಗಿಸಿದ್ದರು. 1903ರಿಂದ ಮದ್ರಾಸಿನ ಬಂದರಿನಿಂದಲೂ ಹಡಗು ಹೊರಟವು. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ನಮಗೆ ಗಿರ್ಮಿಟ್ ಅಂದರೆ ಹುಬ್ಬಳ್ಳಿಯ ಚುರುಮುರಿ, ಮೇಲೆ ಈರುಳ್ಳಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಅವರಿಗೆ ಅದು ಐದು ವರ್ಷದ ಕೂಲಿಯ ಕರಾರು. ಒಂದೇ ಶಬ್ದ. ಆ ಆಟಗಾರರು ಬೆಂಗಳೂರಿಗೆ ಬಂದರೆ ಒಂದು ಸಂಜೆ ಗಿರ್ಮಿಟ್ ತಿನ್ನಿಸುವ ಜವಾಬ್ದಾರಿ ನನ್ನದು. ಸ್ವೆಟರ್ ತರಲು ಮಾತ್ರ ಮೊದಲೇ ಹೇಳಿ. ಬೆಂಗಳೂರಿನ ಜುಲೈ ಗಾಳಿ ದ್ವೀಪದವರಿಗೆ ಚಳಿಯೇ.

ಕಡೆಯದಾಗಿ ಕುರ್ಚಿಯ ವಿಷಯ. ಕುಳಿತು ಎಸೆಯುವ ಆಟಗಾರರಿಗೆ ಒಂದು ಕಬ್ಬಿಣದ ಫ್ರೇಮ್ ಬೇಕು. ಸೀಟಿನ ಎತ್ತರ, ಮೇಲಿನ ದಿಂಬೂ ಸೇರಿ, 75 ಸೆಂಟಿಮೀಟರ್ ಮೀರಬಾರದು. ನೆಲಕ್ಕೆ ಪಟ್ಟಿಗಳಿಂದ ಬಿಗಿದಾಗ ಅಲ್ಲಾಡಬಾರದು. ಇದನ್ನು ವಿಮಾನದಲ್ಲಿ ತರಲು ಹೋದರೆ ಲಗೇಜಿನ ದುಡ್ಡೇ ಆಟಗಾರನ ಟಿಕೆಟಿಗೆ ಪೈಪೋಟಿ ಕೊಡುತ್ತದೆ. ತರುವುದೇ ಬೇಡ. ಅವರು ಬರುವ ತಿಂಗಳು ಮೊದಲು ಅಳತೆ ಮಾತ್ರ ಕಳಿಸಲಿ. ಸೊಂಟದ ಅಗಲ, ತೊಡೆಯ ಉದ್ದ, ಯಾವ ಕೈಯಲ್ಲಿ ಎಸೆಯುತ್ತಾರೆ, ಹಿಡಿದುಕೊಳ್ಳುವ ಕಂಬ ಯಾವ ಕಡೆ ಬೇಕು. ಪೀಣ್ಯದಲ್ಲಿ ಇಂಥದ್ದನ್ನು ಎರಡು ದಿನದಲ್ಲಿ ಮಾಡಿಕೊಡುವ ವೆಲ್ಡಿಂಗ್ ಶಾಪ್ ಬೇಕಾದಷ್ಟಿವೆ. ನಮ್ಮೂರಿನಲ್ಲೂ ಒಬ್ಬನಿದ್ದಾನೆ. ಟ್ರ್ಯಾಕ್ಟರ್ ಟ್ರೈಲರ್ ಮಾಡುವವನು, ನನ್ನ ಹಳೇ ವಿದ್ಯಾರ್ಥಿ. ಕೇಳಿದೆ. "ಒಂದು ಮಾಡಿ ತೋರಿಸ್ತೀನಿ, ಕಬ್ಬಿಣದ ದುಡ್ಡು ಕೊಡಿ ಸಾರ್, ಕೂಲಿ ಬೇಡ" ಅಂದ. ಅವನೇ ಆ ಗುಂಡು ಎಸೆಯುತ್ತಿದ್ದ ಹುಡುಗ.

ಮೊದಲ ಫ್ರೇಮಿನ ಕಬ್ಬಿಣಕ್ಕೆ ನನ್ನ ಪೆನ್ಷನ್ನಿನಲ್ಲಿ ದುಡ್ಡು ತೆಗೆದಿಟ್ಟಿದ್ದೇನೆ. ಯಾವ ದೇಶದ ಯಾರ ಅಳತೆಗೆ ಮಾಡಬೇಕು ಎಂದು ನಿಮ್ಮ ಕಚೇರಿಯಿಂದ ಒಂದು ಸಾಲು ಬರಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿಟಿ ಮೇಷ್ಟ್ರು
ಹಾಸನ ಜಿಲ್ಲೆ